ಮುಖದಿಂದ ಮೂರು ಬೆರಳು

ದೊಡ್ಡ ಮನೆಯ ಹಜಾರದಿಂದ,
ಹದಿನೇಳನೇ ತಾರೀಕು, ಮಂಗಳವಾರ, ಊಟದ ಬಿಡುವು.

ಪ್ರೀತಿಯ ಮೊಂಡೀ,

ಮೊದಲು ಆರೋಗ್ಯದ ಮಾತು. ಹೆಬ್ಬೆರಳಿಗೆ ಉಳಿ ತಾಗಿಸಿಕೊಂಡೆಯೆಂದು ನಿಮ್ಮಮ್ಮನಿಗೆ ಬರೆದಿದ್ದೆಯಲ್ಲ, ಅದು ವಾಸಿಯಾಯಿತೇ? ಉಗುರು ಹೊಸದಾಗಿ ಬರುವಾಗ ಕೆರೆಯುತ್ತದೆ, ಕೆರೆದುಕೊಳ್ಳಬೇಡ. ಸಮುದ್ರದ ಗಾಳಿಗೆ ಕೆಮ್ಮು ಬರುವುದಂತೆ, ಕಿವಿಗೆ ಬಟ್ಟೆ ಕಟ್ಟಿಕೋ. ಚಂದ ಕಾಣುವುದಿಲ್ಲ ಎಂದು ನೀನು ಕಟ್ಟಿಕೊಳ್ಳುವುದಿಲ್ಲ, ಗೊತ್ತು. ಆದರೂ ಹೇಳುವುದು ನನ್ನ ಕೆಲಸ. ಹೊಟ್ಟೆ ತುಂಬ ಊಟ ಮಾಡುತ್ತೀಯೋ, ಇಲ್ಲ ಚಿಕ್ಕಂದಿನ ಹಾಗೆ ನಾಲ್ಕು ತುತ್ತು ನುಂಗಿ ಎದ್ದು ಓಡುತ್ತೀಯೋ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಹತ್ತುವಾಗ ಟಕ್ ಟಕ್ ಎನ್ನುತ್ತದೆ. ಎಣ್ಣೆ ಹಾಕಿದರೆ ಸರಿಹೋಗುವ ಬಾಗಿಲಲ್ಲವಲ್ಲ, ಸುಮ್ಮನಿದ್ದೇನೆ. ನಿಮ್ಮಮ್ಮ ನನಗಿಂತ ಗಟ್ಟಿ. ನನ್ನನ್ನು ಬೈಯುವ ದನಿಯಲ್ಲಿ ಒಂದು ಎಳೆಯೂ ಸವೆದಿಲ್ಲ.

ಈ ಅಕ್ಷರ ಯಾರದು ಎಂದು ಲಕೋಟೆ ತಿರುಗಿಸಿ ಮುರುಗಿಸಿ ನೋಡಿರುತ್ತೀಯ. ನನ್ನದೇ. ನೀನು ಹೋಗಿ ಮೂರು ವರ್ಷ ಎರಡು ತಿಂಗಳಾಯಿತು. ಇಷ್ಟು ದಿನ ನಿಮ್ಮಮ್ಮ ನಾಲ್ಕು ಪುಟ ಬರೆದು ಕೊನೆಯಲ್ಲಿ ನನ್ನ ಕೈಗೆ ಪೆನ್ನು ತುರುಕಿದಾಗ ನಾನು 'ಅಪ್ಪನ ಆಶೀರ್ವಾದ' ಎಂದು ಎರಡೇ ಪದ ಗೀಚುತ್ತಿದ್ದೆ. ನೀನೂ ಕಡಿಮೆಯವಳಲ್ಲ. 'ಅಪ್ಪನಿಗೆ ನಮಸ್ಕಾರ' ಎಂದು ಎರಡೇ ಪದ ವಾಪಸು ಕಳಿಸುತ್ತಿದ್ದೆ. ಎರಡಕ್ಕೆ ಎರಡು, ತಕ್ಕಡಿ ಸಮ. ಒಂದು ಸಲವಾದರೂ ಮೂರು ಪದ ಬರೆಯುತ್ತೀಯೇನೋ ಎಂದು ನಾನು ಕಾಗದದ ಬೆನ್ನನ್ನೂ ನೋಡುತ್ತಿದ್ದೆ. ಈ ಮಾತು ನಿಮ್ಮಮ್ಮನಿಗೆ ತಿಳಿಸಬೇಡ. ಈಗ ನಾನೇ ಬರೆಯಲು ಕೂತದ್ದಕ್ಕೆ ಕಾರಣ ಈ ಮನೆ. ಹೌದು, ಅದೇ ದೊಡ್ಡ ಮನೆ. ನಾವಿಬ್ಬರೂ ಮಾತು ಬಿಟ್ಟ ಜಾಗದಲ್ಲೇ, ಹಜಾರದ ಮಧ್ಯೆ ಒಂದು ಪೆಟ್ಟಿಗೆ ಬೋರಲು ಹಾಕಿಕೊಂಡು ಕೂತು ಬರೆಯುತ್ತಿದ್ದೇನೆ.

ಮನೆ ಇನ್ನೂ ಹಾಗೆಯೇ ಇದೆ. ರಸ್ತೆಯ ತಿರುವಿನಲ್ಲಿ ಬಂದರೆ ಮೊದಲು ಆ ಮೇಲಂತಸ್ತು ಕಾಣುತ್ತದೆ, ಕೆಳಗಿನದಕ್ಕಿಂತ ಒಂದೂವರೆ ಮೊಳ ಮುಂದಕ್ಕೆ ಚಾಚಿಕೊಂಡು, ಊಟ ಮುಗಿಸಿ ಹೊಟ್ಟೆ ಬಿಟ್ಟು ನಿಂತ ಯಜಮಾನನ ಹಾಗೆ. ಕಪ್ಪು ಕಂಬ, ಕಪ್ಪು ತೊಲೆ, ನಡುವೆ ಸುಣ್ಣ ಬಳಿದ ಬಿಳಿ ಗೋಡೆ. ಒಂದಾದರೂ ಗೆರೆ ನೆಟ್ಟಗಿದೆಯೇ ಎಂದರೆ ಇಲ್ಲ. ಮುನ್ನೂರು ವರ್ಷ ನಿಂತು ನಿಂತು ಎಲ್ಲವೂ ಒಂದೊಂದು ಕಡೆಗೆ ವಾಲಿಕೊಂಡಿವೆ, ಆದರೆ ಒಂದಕ್ಕೊಂದು ಆತುಕೊಂಡಿರುವುದರಿಂದ ಯಾವುದೂ ಬೀಳುವುದಿಲ್ಲ. ನೀನು ಚಿಕ್ಕವಳಿದ್ದಾಗ ಬಾಗಿಲ ಹತ್ತಿರ ಗೋಲಿ ಇಡುತ್ತಿದ್ದೆ, ಅದು ತಾನೇ ಉರುಳಿ ಒಲೆಯ ಮುಂದೆ ಹೋಗಿ ನಿಲ್ಲುತ್ತಿತ್ತು. ನಿನ್ನೆ ಗಾರೆಯಣ್ಣನ ಮುಂದೆ ನಾನೂ ಒಂದು ಗೋಲಿ ಇಟ್ಟೆ. ಅದೇ ದಾರಿ, ಅದೇ ಒಲೆ. ಗೋಲಿ ಯಾರ ಜೇಬಿನಿಂದ ಬಂತು ಎಂದು ಕೇಳಬೇಡ. ಇಷ್ಟು ದೊಡ್ಡ ಮನೆಯಲ್ಲಿ ಒಂದೇ ಒಂದು ಕಬ್ಬಿಣದ ಮೊಳೆ ಇಲ್ಲ ಎಂದರೆ ಗಾರೆಯಣ್ಣ ಇವತ್ತಿಗೂ ನಂಬುವುದಿಲ್ಲ. ಒಂದು ಮರದ ನಾಲಗೆ ಇನ್ನೊಂದರ ಗೂಡಿಗೆ ಹೋಗುತ್ತದೆ, ಎರಡನ್ನೂ ತೂರಿ ಮರದ ಗೂಟ ಹೊಡೆಯುತ್ತಾರೆ, ತೂತುಗಳನ್ನು ಬೇಕೆಂದೇ ಒಂದು ಕೂದಲೆಳೆ ಆಚೀಚೆ ಕೊರೆದಿರುತ್ತಾರೆ, ಗೂಟ ಒಳಗಿಳಿದ ಹಾಗೆ ಎರಡೂ ಮರ ಬಿಗಿದಪ್ಪಿಕೊಳ್ಳುತ್ತವೆ ಎಂದು ನಾನು ಗಂಟಲು ಹರಿದುಕೊಂಡು ಹೇಳಿದೆ. ಅವನು ಎಲ್ಲ ಕೇಳಿ, "ಅದ್ಸರಿ, ಮೊಳೆ ಎಲ್ಲಿ ಬಚ್ಚಿಟ್ಟವ್ರೆ?" ಅಂದ.

ಗಾರೆಯಣ್ಣ ನಿನಗೆ ಹೊಸಬ. ನೀನು ಹೋದ ಮೇಲೆ ನನ್ನ ಜೊತೆ ಸೇರಿದವನು. ಗೋಡೆಯ ಕೆಲಸ ಅವನದು, ಮರದ್ದು ನನ್ನದು. ಕಡ್ಡಿ ಹೆಣೆದ ತಡಿಕೆಗೆ ಮಣ್ಣು ಮೆತ್ತುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಮಾತು ಮೆತ್ತುವುದರಲ್ಲೂ ಇಲ್ಲ. ಮನೆಯೊಡತಿ ಟೀಚರಮ್ಮ ಮಾತ್ರ ನಿನಗೆ ಗೊತ್ತಿರುವವರೇ. ಮಕ್ಕಳಿಗೆ ಪಾಠ ಹೇಳುವುದನ್ನು ಬಿಟ್ಟು ಹತ್ತು ವರ್ಷವಾಯಿತು, ಈಗ ನಮಗೆ ಹೇಳುತ್ತಾರೆ. ನಡುತೊಲೆ ಕೊಳೆತು, ಮೇಲಿನ ಕೋಣೆಯ ನೆಲ ಅಲುಗಾಡಿ, ನಾವು ಹೊಸ ತೊಲೆ ಏರಿಸಲು ಹೋಗಿ, ಅದು ಎಡವಟ್ಟಾಗಿ, ಮೇಲಿನ ನೆಲ ಕುಸಿಯದಿರಲಿ ಎಂದು ನಾನು ಸದ್ಯಕ್ಕೆ ಹಜಾರದ ಮಧ್ಯೆ ಎರಡು ಊರೆಗಂಬ ಕೊಟ್ಟು ಹೋಗಿದ್ದೆನಲ್ಲ, ಆ ಸದ್ಯಕ್ಕೆ ಮೂರು ವರ್ಷ ತುಂಬಿತು. ಅಷ್ಟು ದಿನವೂ ಆಕೆ ಮೇಲಿನ ಕೋಣೆಗೆ ಬೀಗ ಹಾಕಿ ಅಡುಗೆಮನೆಯ ಪಕ್ಕದ ಗೂಡಿನಂಥ ಜಾಗದಲ್ಲಿ ಮಲಗಿದ್ದಾರೆ. ಹೋದ ತಿಂಗಳು ಹೇಳಿ ಕಳಿಸಿದರು: "ನನ್ನ ಹಜಾರದಲ್ಲಿ ಇಬ್ರು ನೆಂಟ್ರು ಮೂರು ವರ್ಷದಿಂದ ನಿಂತೇ ಇದಾರೆ. ಕೂತ್ಕೊಳ್ಳಿ ಅಂದ್ರೂ ಕೂರಲ್ಲ, ಹೋಗಿ ಅಂದ್ರೂ ಹೋಗಲ್ಲ. ಕರ್ಕೊಂಡು ಹೋಗ್ತೀರೋ ಇಲ್ವೋ?" ನಾಚಿಕೆಯಾಯಿತು ಕಣೇ. ನಾನು ಈ ಮನೆಯ ದಾರಿ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಬೇರೆ ಕೆಲಸ ಜಾಸ್ತಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಬೇರೆ ಕೆಲಸ ಏನೂ ಜಾಸ್ತಿ ಇರಲಿಲ್ಲ.

ಆ ದಿನದ ವಿಷಯ ನಿನಗೆ ನಾನು ನೆನಪಿಸಬೇಕಾಗಿಲ್ಲ. ಆದರೆ ಬರೆಯಲು ಕೂತ ಮೇಲೆ ಬಿಟ್ಟು ಬರೆದರೆ ನೀನು ನಗುತ್ತೀಯ. ಅಳತೆ ಹಿಡಿದು ಚೀಟಿ ಬರೆದವಳು ನೀನು. ಚೀಟಿ ನೋಡಿ ತೊಲೆ ಕಡಿದವನು ನಾನು. ಆರು ಜನ ಹಗ್ಗ ಹಿಡಿದಿದ್ದರು. ನಮ್ಮ ಕಾರ್ಯಾಗಾರದ ಪದ್ಧತಿಯಂತೆ ಅಳತೆ ಹಿಡಿದವರೇ ಕೂಗಬೇಕು, ಏರಿಸಿ ಎಂದರೆ ಏರಿಸಬೇಕು, ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ನೀನು ಅರ್ಧದಲ್ಲೇ "ಇಳಿಸಿ, ಇಳಿಸಿ" ಎಂದು ಕೂಗಿದೆ. ನಾನು ನಿನ್ನ ಮೇಲೆ ದನಿ ಎತ್ತಿ "ಏರಿಸ್ರೋ" ಅಂದೆ. ಏರಿಸಿದರು. ತೊಲೆಯ ನಾಲಗೆ ಕಂಬದ ಗೂಡಿಗೆ ಎರಡು ಬೆರಳು ಪಕ್ಕಕ್ಕೆ ಹೋಗಿ ಮುಖ ಗುದ್ದಿಕೊಂಡು ನಿಂತಿತು. ಎರಡು ಬೆರಳು! ಅಷ್ಟು ಒಳ್ಳೆಯ ಮರ! ನನಗೆ ಕೋಪ ನೆತ್ತಿಗೇರಿತು. "ಅಳತೆ ಹಿಡಿಯೋಕೂ ಬರಲ್ವಾ ನಿಂಗೆ?" ಎಂದು ಎಲ್ಲರೆದುರು ಕೂಗಾಡಿದೆ. ನೀನು ಒಂದು ಮಾತೂ ಜೋರಾಗಿ ಆಡಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸಿತು. "ಚೀಟಿ ಓದಿ ಅಪ್ಪಾ. ಈ ಗೋಡೆ ಮೊದಲು ಹೊರಗೋಡೆ ಆಗಿತ್ತು. ಮುಖ ಆ ಕಡೆ" ಅಂದೆ. ನಾನು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು, ಮನೆ ಮಧ್ಯದಲ್ಲಿ ಯಾವ ಪುಣ್ಯಾತ್ಮ ಹೊರಗೋಡೆ ಕಟ್ಟುತ್ತಾನೆ ಎಂದು ನಕ್ಕೆ. ಹಗ್ಗ ಹಿಡಿದಿದ್ದವರೂ ನಕ್ಕರು. ಅವರು ನಗಬೇಕೆಂದೇ ನಾನು ನಕ್ಕಿದ್ದೆ.

ಇಲ್ಲಿ ಒಂದು ಮಾತು ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ, ಬೇಡವೆನ್ನಬೇಡ. ಪ್ರತಿ ಮರಕ್ಕೂ ಒಂದು ಒಳ್ಳೆಯ ಮುಖ ಇರುತ್ತದೆ, ಎಲ್ಲ ಅಳತೆಯೂ ಆ ಮುಖದಿಂದಲೇ ಹೊರಡಬೇಕು ಎಂದು ನಿನಗೆ ಕಲಿಸಿದವನು ನಾನೇ. ಹೊರಗೋಡೆಯಾದರೆ ಮುಖ ಹೊರಕ್ಕೆ. ಒಳಗಿನ ಅಡ್ಡಗೋಡೆಯಾದರೆ ಮುಖ ಹೆಬ್ಬಾಗಿಲಿನ ಕಡೆಗೆ. ಇದು ನಿನ್ನ ತಾತ ನನಗೆ, ಅವರಪ್ಪ ಅವರಿಗೆ ಕಲಿಸಿದ್ದು. ನಡುತೊಲೆ ಕೂರುವುದು ಹಜಾರಕ್ಕೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ, ಅಂದರೆ ಅಡ್ಡಗೋಡೆಯಲ್ಲಿ. ಆದ್ದರಿಂದ ಮುಖ ಹಜಾರದ ಕಡೆ, ಹೆಬ್ಬಾಗಿಲಿನ ಕಡೆ. ನಾನು ಹಜಾರದ ಮುಖದಿಂದ ಮೂರು ಬೆರಳು ಬಿಟ್ಟು ನಾಲಗೆ ಕಡಿದೆ. ಹತ್ತು ಬೆರಳು ದಪ್ಪದ ತೊಲೆ, ಎರಡು ಬೆರಳಿನ ನಾಲಗೆ. ಆ ಮುಖದಿಂದ ಮೂರು ಬಿಟ್ಟರೆ ಅಡುಗೆಮನೆ ಕಡೆ ಐದು ಉಳಿಯುತ್ತದೆ. ಗೂಡಿದ್ದದ್ದು ಅಡುಗೆಮನೆ ಕಡೆಯಿಂದ ಮೂರಕ್ಕೆ. ಲೆಕ್ಕ ಸರಿಯಾಗಿ ಎರಡು ಬೆರಳು ಕೈಕೊಟ್ಟಿತು.

ಕೂಗಾಡಿದ್ದಕ್ಕೆ ನೀನು ಹೋಗಲಿಲ್ಲ, ಅದು ನನಗೆ ಗೊತ್ತು. ನನ್ನ ಕೂಗಾಟಕ್ಕೆ ಹೋಗುವುದಾದರೆ ನೀನು ಐದನೇ ವಯಸ್ಸಿಗೇ ಹೋಗಬೇಕಿತ್ತು. ನೀನು ಹೋದದ್ದು ಪೆದ್ದರ ಗೋಡೆಯ ಕಾರಣಕ್ಕೆ. ಕಾರ್ಯಾಗಾರದ ಆ ಗೋಡೆ ನಿನ್ನ ತಾತ ಶುರು ಮಾಡಿದ್ದು. ಯಾರು ಮರ ಕೆಡಿಸುತ್ತಾರೋ ಅವರ ಗುರುತು ಕೊರೆದು ಆ ತುಂಡನ್ನು ಅಲ್ಲಿ ತೂಗುಹಾಕುವುದು, ಒಮ್ಮೆ ಏರಿದ್ದು ಇಳಿಯಬಾರದು. ಎರಡೂ ಪಕ್ಕ ಕೀಲು ಕೂರಿಸಿ ತೆರೆಯಲಾಗದ ಬಾಗಿಲು ತಾತನದು. ನಾನೂ ಹನ್ನೊಂದು ತುಂಡಿಗೆ ವಾರಸುದಾರ. ಅದರಲ್ಲಿ ಮೂರು ಕಾಲಿನ ಕುರ್ಚಿಯನ್ನು ನೀನು ಗೆಳತಿಯರಿಗೆಲ್ಲ ತೋರಿಸಿ ನನ್ನ ಮಾನ ಹರಾಜು ಹಾಕುತ್ತಿದ್ದೆ. ನಿನ್ನದು ಒಂದೂ ಇರಲಿಲ್ಲ. ಏಳು ವರ್ಷದವಳಿದ್ದಾಗ ಮರದ ಹೊಟ್ಟಿನ ಮೇಲೆ ಹಕ್ಕಿ ನಡೆದ ಹೆಜ್ಜೆ ನೋಡಿ, ನನ್ನ ಗುರುತು ಇದೇ ಎಂದು ಮೂರು ಗೆರೆ ಎಳೆದಿದ್ದೆಯಲ್ಲ, ಆ ಹಕ್ಕಿಹೆಜ್ಜೆ ಆ ಗೋಡೆ ಏರದೆ ಹದಿನೇಳು ವರ್ಷ ಕಳೆದಿತ್ತು. ನಾನು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ, ನಿನಗೆ ಮಾತ್ರ ಹೇಳಿರಲಿಲ್ಲ. ಆ ಸಂಜೆ ತೊಲೆಯ ತುದಿ ಕೊಯ್ದು, ನಿನ್ನ ಹಕ್ಕಿಹೆಜ್ಜೆ ಕೊರೆದು, ನನ್ನ ಕೈಯಾರೆ ತೂಗುಹಾಕಿದೆ. ಬೆಳಿಗ್ಗೆ ನೀನು ಅದರ ಮುಂದೆ ಚೀಲ ಹಿಡಿದು ನಿಂತಿದ್ದೆ. "ಬೈದಿದ್ದು ಬಿಡಿ ಅಪ್ಪಾ. ಗುರುತು ಹಾಕ್ಬಿಟ್ರಲ್ಲ" ಅಂದೆ. ಅಷ್ಟೇ. ನಾನು ಬಾಯಲ್ಲಿ ಮೂರು ಗೂಟ ಕಚ್ಚಿಕೊಂಡಿದ್ದೆ, ತೆಗೆದು ಮಾತಾಡಬಹುದಿತ್ತು.

ಈಗ ಸುದ್ದಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಇದಕ್ಕೇ. ಮೊನ್ನೆ ಗಾರೆಯಣ್ಣ ಅಡುಗೆಮನೆ ಕಡೆಯಿಂದ ಆ ಗೋಡೆಯ ಹಳೇ ಗಾರೆ ಕೆರೆಯಲು ಶುರುಮಾಡಿದ. ಹಪ್ಪಳದಂತೆ ಎದ್ದು ಬಂತು. ಒಳಗೆ ಕಂಬ ಕಾಣಿಸಿತು. ಕಂಡಿತೋ ಇಲ್ಲವೋ ನಾನು ಹಜಾರದಿಂದ ಓಡಿ ಬಂದೆ, ಮಂಡಿಯ ಟಕ್ ಟಕ್ ಮರೆತೇ ಹೋಯಿತು. ಮೊಂಡೀ, ಆ ಕಂಬದ ಮೈ ಬೂದಿ ಬಣ್ಣಕ್ಕೆ ತಿರುಗಿದೆ. ಎಳೆ ಎಳೆಯಾಗಿ ಬಿರಿದಿದೆ, ಮೆತುವಾದದ್ದೆಲ್ಲ ಸವೆದು ಗಟ್ಟಿ ಎಳೆಗಳು ಮಾತ್ರ ಉಬ್ಬಿ ನಿಂತಿವೆ. ಅದು ಒಲೆಯ ಹೊಗೆ ಮಾಡುವ ಕೆಲಸವಲ್ಲ. ಬಿಸಿಲೂ ಮಳೆಯೂ ಐವತ್ತು ವರ್ಷವಾದರೂ ತಿಂದಿರಬೇಕು. ಅಡುಗೆಮನೆಯೊಳಗೆ, ಸೂರಿನಡಿಯಲ್ಲಿ, ಒಲೆಯಿಂದ ಮೂರು ಹೆಜ್ಜೆ ದೂರದಲ್ಲಿ! ಹಜಾರದ ಕಡೆಯ ಮೈ ನೋಡಿದರೆ ಬೆಣ್ಣೆಯಂತೆ ನುಣುಪು.

ಅಲ್ಲಿಗೆ ಮುಗಿಯಲಿಲ್ಲ. ಗೋಡೆಯ ನಡುಮಟ್ಟದ ಅಡ್ಡಪಟ್ಟಿಯಲ್ಲಿ ಸಾಲಾಗಿ ಐದು ಚೌಕದ ಗುಳಿಗಳು, ಮಣ್ಣು ತುಂಬಿ ಮುಚ್ಚಿದ್ದವು. ಕಿಟಕಿಯ ಸರಳು ಕೂರಿಸುವ ಗುಳಿಗಳು. ಅಲ್ಲಿಂದ ಯಾರೋ ಹೊರಗಿನ ಬಯಲು ನೋಡುತ್ತಿದ್ದರು, ಈಗ ಅಲ್ಲಿಂದ ನೋಡಿದರೆ ಟೀಚರಮ್ಮನ ಪಾತ್ರೆ ಕಪಾಟು ಕಾಣುತ್ತದೆ. ಅಂದರೆ ಮೊದಲು ಕಟ್ಟಿದಾಗ ಮನೆ ಎಂದರೆ ಹಜಾರ ಮತ್ತು ಅದರ ಮೇಲಿನ ಕೋಣೆ, ಅಷ್ಟೇ. ಎಷ್ಟೋ ವರ್ಷದ ಮೇಲೆ ಕುಟುಂಬ ಬೆಳೆದಿರಬೇಕು, ಇಲ್ಲ ಅತ್ತೆ ಸೊಸೆಗೆ ಒಂದೇ ಒಲೆಯಲ್ಲಿ ಹೊಂದಿಕೆಯಾಗದೆ ಹೋಗಿರಬೇಕು, ಬೆನ್ನಿಗೆ ಅಡುಗೆಮನೆ ಕಟ್ಟಿ ಹೊರಗೋಡೆಯನ್ನು ಒಳಗೆ ಹಾಕಿಕೊಂಡರು. ಹೊರಗೋಡೆಯಾದ್ದರಿಂದ ಮುಖ ಹೊರಕ್ಕೆ, ಅಂದರೆ ಈಗಿನ ಅಡುಗೆಮನೆ ಕಡೆಗೆ. ಕಂಬಕ್ಕೂ ತೊಲೆಗೂ ಜೋಡಿ ತಪ್ಪದಿರಲಿ ಎಂದು ಆ ಕಾಲದ ಬಡಗಿಗಳು ಉಳಿಯಿಂದ ಕೊರೆದ ಗೆರೆಗಳು ಆ ಮುಖದ ಮೇಲೇ ಇವೆ. ಕಂಬಕ್ಕೆ ಮೂರು ಗೆರೆ, ಕೊಳೆತುಹೋದ ಹಳೇ ತೊಲೆಗೂ ಹಾಗೇ ಮೂರು ಇದ್ದಿರಬೇಕು. ಬಿಸಿಲು ಮಳೆ ತಿಂದರೂ ಆಳವಾಗಿ ಉಳಿದಿವೆ. ನಾನು ಬೆರಳಿಟ್ಟು ನೋಡಿದೆ. ಖುಷಿಗೆ ಗಾರೆಯಣ್ಣನನ್ನು ಅಪ್ಪಿಕೊಂಡುಬಿಟ್ಟೆ, ಅವನು ಮೈಯೆಲ್ಲ ಮಣ್ಣು ಮಾಡಿಕೊಂಡಿದ್ದ, ನಿಮ್ಮಮ್ಮ ಅಂಗಿ ಒಗೆಯುವಾಗ ನಾಲ್ಕು ಮಾತು ಅಂದಳು. ಮುನ್ನೂರು ವರ್ಷದ ಗುಟ್ಟು ಕೈಗೆ ಸಿಕ್ಕರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ತಿರುಗಿ "ನೋಡೇ ಇಲ್ಲಿ" ಅಂದೆ. ನೀನಿರಲಿಲ್ಲ. ಗಾರೆಯಣ್ಣ, "ಯಾರ್ನ ಕರೀತಿದ್ರಿ?" ಅಂದ. ಬೆಕ್ಕನ್ನು ಅಂದೆ.

ಟೀಚರಮ್ಮ ಬಂದು ಕೈ ಕಟ್ಟಿಕೊಂಡು ಎಲ್ಲ ನೋಡಿದರು. ಆಮೇಲೆ ಮೂಲೆಯ ಅಲಮಾರಿಯ ಬಾಗಿಲು ತೆಗೆದು, ಡಬ್ಬಗಳನ್ನು ಸರಿಸಿ, "ಇಲ್ಲಿ ಕೈ ಹಾಕಿ ನೋಡಿ" ಅಂದರು. ಹಾಕಿದೆ. ಅಲಮಾರಿಗೆ ಹಿಂದಿನ ಹಲಗೆ ಇಲ್ಲ, ಒಂದು ಗೇಣು ಕಂಬ ಬರಿಮೈಯಲ್ಲಿ ಸಿಗುತ್ತದೆ. ಅದೇ ಬಿರಿದ ಎಳೆ, ಅದೇ ಉಬ್ಬು. "ನಿಮ್ಮ ಮಗಳು ಮೂರು ವರ್ಷದ ಹಿಂದೆನೇ ಇಲ್ಲಿ ಕೈ ಹಾಕಿ, ಟೀಚರಮ್ಮಾ ಈ ಗೋಡೆ ಮಳೇಲಿ ನೆಂದಿದೆ ಅಂದಿದ್ಲು. ನೀವೂ ಒಂದ್ಸಲ ಕೈ ಹಾಕ್ತೀರೇನೋ ಅಂತ ನಾನು ಕಾಯ್ತಾ ಇದ್ದೆ" ಅಂದರು. ನನಗೆ ಹೇಳಬಹುದಿತ್ತಲ್ಲ ತಾಯೀ ಎಂದರೆ, ಉತ್ತರ ಹೇಳಿಕೊಟ್ಟರೆ ವಿದ್ಯಾರ್ಥಿ ಕಲಿಯುವುದಿಲ್ಲವಂತೆ. ಅರವತ್ತಾರು ವರ್ಷದ ವಿದ್ಯಾರ್ಥಿ ಪೆಚ್ಚುಮೋರೆ ಹಾಕಿಕೊಂಡು ಡಬ್ಬಗಳನ್ನು ಸಾಲಾಗಿ ಜೋಡಿಸಿಟ್ಟು ಬಂದ.

ಹೀಗಾಗಿ, ಮನೆಯ ಮಟ್ಟಿಗೆ ಹೇಳುವುದಾದರೆ, ನಿನ್ನ ಊಹೆ ಸರಿ. ಅದನ್ನು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ನ್ಯಾಯ ನ್ಯಾಯವೇ. ಅಳತೆ ಚೀಟಿ ಎಂದರೆ ಕುರುಡನಿಗೂ ಅರ್ಥವಾಗುವಂತಿರಬೇಕು. ಮೂರು ಬೆರಳು ಎಂದು ಬರೆದರೆ ಸಾಲದು, ಯಾವ ಮುಖದಿಂದ ಎಂದು ಬರೆಯಬೇಕು, ಅದೂ ರೂಢಿಗೆ ವಿರುದ್ಧವಾಗಿದ್ದರೆ ಎರಡು ಸಲ ಬರೆಯಬೇಕು. ನೀನು ಬರೆಯಲಿಲ್ಲ, ನಾನು ಕೇಳಲಿಲ್ಲ. ಅರ್ಧ ನಿನ್ನದು, ಅರ್ಧ ನನ್ನದು ಎಂದು ಹಂಚಿಕೊಂಡುಬಿಡೋಣ. ತಂದೆ ಮಗಳು ಇದಕ್ಕಿಂತ ಚೆನ್ನಾಗಿ ರಾಜಿಯಾದದ್ದನ್ನು ನಾನಂತೂ ಕೇಳಿಲ್ಲ.

ಹೊಸ ತೊಲೆ ಸಿದ್ಧವಾಗುತ್ತಿದೆ. ಬಾಚಿಯಿಂದ ನಾಲ್ಕೂ ಮುಖ ಕೆತ್ತಿದ್ದೇನೆ, ನಾಲಗೆ ಮಾತ್ರ ಇನ್ನೂ ಕಡಿದಿಲ್ಲ. ಇಪ್ಪತ್ತೆಂಟನೇ ತಾರೀಕು ಶನಿವಾರ ಬೆಳಿಗ್ಗೆ ಏರಿಸುವುದು. ಹಳೆಯ ಆರು ಜನವೇ ಬರುತ್ತಾರೆ. ಆ ಹೊತ್ತಿಗೆ ನಿಮ್ಮ ದೋಣಿಕಟ್ಟೆಯಲ್ಲಿ ಕೆಲಸ ಕಡಿಮೆ ಇದ್ದರೆ, ನಿನಗೂ ಗಾಳಿ ಬದಲಾವಣೆ ಬೇಕೆನಿಸಿದರೆ, ಬಂದು ಹೋಗಬಹುದು. ಬಲವಂತವಿಲ್ಲ. ನಿಮ್ಮಮ್ಮ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ. ನಾನೇನೂ ಹೇಳಿರಲಿಲ್ಲ, ತಾನಾಗಿಯೇ ಹಾಕಿದ್ದಾಳೆ. ದೋಣಿ ಕಟ್ಟುವುದು ಕಷ್ಟದ ಕೆಲಸ, ಅದರಲ್ಲಿ ಒಂದೂ ಗೆರೆ ನೆಟ್ಟಗಿರುವುದಿಲ್ಲವಂತೆ. ನಿನ್ನ ಮೇಸ್ತ್ರಿ ನಿನ್ನನ್ನು ಹೊಗಳಿ ಬರೆದ ಕಾಗದ ನಿಮ್ಮಮ್ಮ ನನಗೆ ಓದಿ ಹೇಳಿದಳು. ನಾನು ಕೀಸುಳಿಯ ಅಲಗು ಮಸೆಯುತ್ತಿದ್ದೆ, ಕೇಳಿಸಲಿಲ್ಲ ಎಂದು ಎರಡು ಸಲ ಓದಿಸಿದೆ.

ಟೀಚರಮ್ಮ ನಿನ್ನನ್ನು ಕೇಳಿದರು. ಗಾರೆಯಣ್ಣ ನೋಡದ ಹುಡುಗಿಗೂ ನಮಸ್ಕಾರ ಹೇಳಿದ್ದಾನೆ, ಮೊಳೆ ಎಲ್ಲಿದೆ ಎಂದು ನಿನಗಾದರೂ ಗೊತ್ತೇ ಎಂದು ಕೇಳಿ ಅಂದ. ನೀನು ಹಿಡಿದ ಉಳಿ ಹೇಳಿದ ಕಡೆ ನಡೆಯಲಿ, ನಿನ್ನ ಮರ ಬಿರಿಯದಿರಲಿ, ಬೆರಳು ಹತ್ತೂ ನೆಟ್ಟಗಿರಲಿ. ಊಟದ ಬಿಡುವು ಮುಗಿದು ಬಹಳ ಹೊತ್ತಾಯಿತು.

ಇಂತಿ,
ನಿನ್ನ ಅಪ್ಪ.

ಮರೆತ ಮಾತು:

ಬುಧವಾರ ಬೆಳಿಗ್ಗೆ, ಕಾರ್ಯಾಗಾರದಲ್ಲಿ. ಅಂಚೆಯವನು ಬರುವ ಹೊತ್ತು, ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಲಕೋಟೆ ಅಂಟಿಸುವ ಮೊದಲು ನಿಮ್ಮಮ್ಮನಿಗೆ ಓದಲು ಕೊಟ್ಟೆ. ಪೂರ್ತಿ ಓದಿದಳು, ಎರಡು ಕಡೆ ನಕ್ಕಳು, ವಾಪಸು ಕೊಟ್ಟು, "ಎಲ್ಲಾ ಇದೆ, ಒಂದು ಮಾತು ಬಿಟ್ಟು. ಅವಳು ಮುಖ ಬರೀಲಿಲ್ಲ ಅಂದ್ರಲ್ಲ, ಆ ಚೀಟಿ ತೆಗೆದು ನೋಡಿದ್ರಾ?" ಅಂದಳು. ನೋಡಿರಲಿಲ್ಲ. ಮೂರು ವರ್ಷದಿಂದ ಅದು ನನ್ನ ಕನ್ನಡಕದ ಡಬ್ಬಿಯಲ್ಲೇ ಇದೆ. ನಿನ್ನ ತಪ್ಪಿಗೆ ಸಾಕ್ಷಿ ಎಂದು ಇಟ್ಟುಕೊಂಡಿದ್ದೆ. ದಿನಾ ಕನ್ನಡಕ ತೆಗೆದು ಹಾಕಿದರೂ ಒಮ್ಮೆಯೂ ಬಿಡಿಸಿರಲಿಲ್ಲ. ಅವಳ ಎದುರೇ ಬಿಡಿಸಿದೆ. 'ಅಡುಗೆಮನೆ ಕಡೆಯ ಮುಖದಿಂದ ಮೂರು ಬೆರಳು.' ಕೆಳಗೆ ಎರಡು ಗೆರೆ ಎಳೆದಿದ್ದೀಯ. ಪಕ್ಕದಲ್ಲಿ 'ಅಪ್ಪಾ, ಹಜಾರದ ಮುಖ ಅಲ್ಲ' ಎಂದು ಇನ್ನೊಮ್ಮೆ ಬರೆದಿದ್ದೀಯ. ಎರಡು ಸಲ. ಅಡ್ಡಗೋಡೆ ಎಂದರೆ ಹೆಬ್ಬಾಗಿಲಿನ ಕಡೆಯ ಮುಖವೇ ಎಂದು ನಲವತ್ತು ವರ್ಷದಿಂದ ನಾನು ಅಂಕಿ ಮಾತ್ರ ನೋಡುತ್ತೇನೆ, ಮಿಕ್ಕದ್ದು ಓದುವುದಿಲ್ಲ. ಅವತ್ತೂ ಓದಲಿಲ್ಲ.

ಅರ್ಧ ಅರ್ಧ ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕು. ನಾನೇ ಹೊಡೆದು ಹಾಕುತ್ತಿದ್ದೆ, ನಿಮ್ಮಮ್ಮ ಬಿಡಲಿಲ್ಲ, ಅಪ್ಪ ಹೇಗೆ ಬರೆಯುತ್ತಾರೆ ಎಂದು ಅವಳೂ ನೋಡಲಿ ಅಂದಳು. ತಪ್ಪು ಪೂರ್ತಿ ನನ್ನದು. ತಪ್ಪಾಯಿತು ಮಗಳೇ. ಎಲ್ಲರೆದುರು ಕೂಗಿದ್ದು ತಪ್ಪು, ನಕ್ಕದ್ದು ತಪ್ಪು, ಗುರುತು ಹಾಕಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಈಗ ತಾನೇ ಏಣಿ ಹಾಕಿ ಆ ತುಂಡು ಇಳಿಸಿದೆ. ಏರಿದ್ದು ಇಳಿಯಬಾರದು ಎಂದು ತಾತ ಹೇಳಿದ್ದು ಸರಿಯಾದ ಪೆದ್ದ ಏರಿದಾಗ. ನಿನ್ನ ಹಕ್ಕಿಹೆಜ್ಜೆಯನ್ನು ಉಳಿಯಿಂದ ಮೆಲ್ಲಗೆ ಚಕ್ಕೆ ಎಬ್ಬಿಸಿ ತೆಗೆದು, ಆ ಜಾಗದಲ್ಲಿ ನನ್ನ ಗುರುತು ಕೊರೆದು ಮತ್ತೆ ತೂಗುಹಾಕಿದ್ದೇನೆ, ಮೂರು ಕಾಲಿನ ಕುರ್ಚಿಯ ಪಕ್ಕದಲ್ಲೇ. ನನ್ನದು ಹನ್ನೆರಡಾಯಿತು. ನಿನ್ನದು ಒಂದೂ ಇಲ್ಲ. ಕಾಗದದ ಮಡಿಕೆಯೊಳಗೆ ತೆಳ್ಳಗೆ ಏನೋ ಇದೆಯಲ್ಲ, ಅದೇ ಆ ಚಕ್ಕೆ. ನಿನ್ನ ಗುರುತು ನಿನಗೆ ವಾಪಸು.

ಚೀಟಿ ಮಾತ್ರ ಕಳಿಸುವುದಿಲ್ಲ, ಅದನ್ನು ನೋಡಿಯೇ ಇವತ್ತು ನಾಲಗೆ ಕಡಿಯುತ್ತೇನೆ, ಪೂರ್ತಿ ಓದಿ. ಅಳತೆ ಹಿಡಿದವಳು ನೀನು, ಆದ್ದರಿಂದ ಶನಿವಾರ ಕೂಗಬೇಕಾದವಳೂ ನೀನೇ. ನೀನು ಬರುವತನಕ ಟೀಚರಮ್ಮನ ನೆಂಟರಿಬ್ಬರೂ ನಿಂತೇ ಇರುತ್ತಾರೆ, ಆಕೆ ಒಪ್ಪಿದ್ದಾರೆ. ಹಗ್ಗಕ್ಕೆ ಈ ಸಲ ಏಳು ಜನ. ಏಳನೆಯವನಿಗೆ ಮಂಡಿ ನೋವು, ಬಾಯಿ ಜೋರು, ಆದರೆ ನೀನು ಇಳಿಸಿ ಎಂದರೆ ಇಳಿಸುತ್ತಾನೆ.